ಕಿಟ್ಟೋ, ಡೈಕಾಸ್ಟೋ, ರೆಸಿನ್ನೋ? ಮೊದಲ ಕಾರ್ ಮಾಡೆಲ್ ಆರಿಸುವ ಮುಂಚೆ

ಕಾರ್ ಮಾಡೆಲ್ ಕಟ್ಟಬೇಕು ಅಂತ ಆಸೆಪಟ್ಟು ಬರುವವರು ನನ್ನನ್ನು ಮೊದಲು ಕೇಳುವುದು ಒಂದೇ ಪ್ರಶ್ನೆ: "ಯಾವ ಕಿಟ್ ತಗೊಳ್ಳಲಿ?" ಕಿಟ್ ಅಂದರೆ ಬಿಡಿ ಭಾಗಗಳ ಡಬ್ಬಿ, ಜೋಡಿಸಿ ಕಾರು ಮಾಡುವುದು ನಮ್ಮ ಕೆಲಸ. ನಾನು ತಿರುಗಿ ಕೇಳುತ್ತೇನೆ: "ಪೇಂಟ್ ಎಲ್ಲಿ ಹೊಡೀತೀರಿ?" ಬಾಲ್ಕನಿ ಇದೆಯಾ, ಟೆರೇಸ್ ಇದೆಯಾ, ಮನೆಯಲ್ಲಿ ಪುಟ್ಟ ಮಕ್ಕಳಿದ್ದಾರಾ, ಥಿನ್ನರ್ ವಾಸನೆಗೆ ತಲೆನೋವು ಬರುವವರಿದ್ದಾರಾ? ಇದಕ್ಕೆಲ್ಲ ಉತ್ತರ ಸಿಕ್ಕಿದರೆ ಯಾವ ಕಿಟ್ ಅನ್ನುವುದು ಅರ್ಧ ತೀರ್ಮಾನ ಆದ ಹಾಗೆ.

ಯಾಕೆ ಹೀಗೆ ಹೇಳುತ್ತೇನೆ ಅಂದರೆ, ಟ್ಯಾಂಕ್ ಮಾಡೆಲ್ ಮಾಡುವವರಿಗೆ ಒಂದು ಅನುಕೂಲ ಇದೆ. ಪೇಂಟ್ ಸ್ವಲ್ಪ ಒರಟಾದರೂ ಮೇಲೆ ಕೆಸರು, ತುಕ್ಕು, ಧೂಳಿನ ಬಣ್ಣ ಹಚ್ಚಿದರೆ ಮುಚ್ಚಿಹೋಗುತ್ತದೆ. ಕಾರಿಗೆ ಅದು ನಡೆಯುವುದಿಲ್ಲ. ಶೋರೂಮಿನಿಂದ ಈಗ ತಾನೇ ಇಳಿದ ಹಾಗೆ ಹೊಳೆಯಬೇಕು. ನಿಜವಾದ ಕಾರಿನ ಪೇಂಟ್ ಎಲ್ಲ ಪದರ ಸೇರಿ ಸುಮಾರು 0.1 ಮಿ.ಮೀ. ದಪ್ಪ ಇರುತ್ತದೆ. ಅದನ್ನು 24 ಪಟ್ಟು ಕುಗ್ಗಿಸಿದರೆ 0.004 ಮಿ.ಮೀ. ಯಾವ ಸ್ಪ್ರೇ ಕ್ಯಾನಿನಿಂದಲೂ ಅಷ್ಟು ತೆಳು ಕೋಟ್ ಬರುವುದಿಲ್ಲ. ಬಾಗಿಲಿನ ಸುತ್ತ ಇರುವ 5 ಮಿ.ಮೀ. ಸಂದು ಮಾಡೆಲ್‌ನಲ್ಲಿ ಬರೀ 0.2 ಮಿ.ಮೀ. ಆಗುತ್ತದೆ. ನಾಲ್ಕು ದಪ್ಪ ಕೋಟ್ ಹೊಡೆದರೆ ಆ ಗೆರೆ ತುಂಬಿಹೋಗಿ, ಬಾಗಿಲೇ ಇಲ್ಲದ ಕಾರು ಆಗುತ್ತದೆ. ಕಾರ್ ಮಾಡೆಲ್‌ನ ಜೀವ ಇರುವುದು ಬಾಡಿ ಪೇಂಟಿನಲ್ಲಿ. ಉಳಿದ ಆಯ್ಕೆಗಳನ್ನೆಲ್ಲ ನಾನು ಇದನ್ನು ಇಟ್ಟುಕೊಂಡೇ ಹೋಲಿಸುತ್ತೇನೆ.

ಅಳತೆ

1/24 ಅಂದರೆ ನಿಜವಾದ ಒಂದು ಅಡಿ ಮಾಡೆಲ್‌ನಲ್ಲಿ ಅರ್ಧ ಇಂಚು. ಲೆಕ್ಕಕ್ಕೆ ನಮ್ಮ ಅಂಬಾಸಿಡರನ್ನೇ ಇಟ್ಟುಕೊಳ್ಳೋಣ. ಅದರ ಉದ್ದ ಸುಮಾರು 4.3 ಮೀಟರ್. 1/18ರಲ್ಲಿ ಅದು 24 ಸೆಂ.ಮೀ., 1/24ರಲ್ಲಿ 18 ಸೆಂ.ಮೀ., 1/43ರಲ್ಲಿ 10 ಸೆಂ.ಮೀ., 1/64ರಲ್ಲಿ ಬರೀ 6.7 ಸೆಂ.ಮೀ. ಅಂಗೈಯಲ್ಲಿ ಕೂರುವುದು, ಕೈ ಚಾಚಿ ಹಿಡಿಯಬೇಕಾದದ್ದು, ಎರಡೂ ಕೈ ಬೇಕಾದದ್ದು ಅಂತ ಅಂದಾಜು ಮಾಡಿಕೊಳ್ಳಿ.

ಅಮೆರಿಕದ ಹಳೆಯ ಕಿಟ್‌ಗಳು 1/25ರಲ್ಲಿ ಬರುತ್ತವೆ. 1948ರಲ್ಲಿ ಶುರುವಾದ ಎಎಂಟಿ ಕಂಪನಿ ಮೊದಲು ಕಾರ್ ಡೀಲರ್‌ಗಳಿಗೆ ತೋರಿಸಲಿಕ್ಕೆಂದು ಪುಟ್ಟ ಕಾರುಗಳನ್ನು ಮಾಡಿಕೊಡುತ್ತಿತ್ತು. 1958ರಲ್ಲಿ ಅದೇ ಕಾರುಗಳನ್ನು ಬಿಡಿ ಭಾಗಗಳ ಡಬ್ಬಿಯಲ್ಲಿ ಮಾರಲು ಶುರುಮಾಡಿತು. ಒಂದೇ ಕಿಟ್ಟನ್ನು ಮೂರು ರೀತಿ ಕಟ್ಟಬಹುದು ಅನ್ನುವುದು ಅದರ ವಿಶೇಷ. ಶೆಲ್ಫಿನ ಮೇಲೆ 1/24 ಮತ್ತು 1/25 ಅಕ್ಕಪಕ್ಕ ಇಟ್ಟರೆ ವ್ಯತ್ಯಾಸ ಕಣ್ಣಿಗೆ ಬೀಳುವುದು ಕಷ್ಟ. ಆ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ.

1/43 ಬಂದದ್ದು ರೈಲು ಮಾಡೆಲ್‌ಗಳಿಂದ. ಓ ಗೇಜ್ ರೈಲಿನಲ್ಲಿ ಒಂದು ಅಡಿಗೆ 7 ಮಿ.ಮೀ. ಲೆಕ್ಕ. ಸ್ಟೇಶನ್ ಪಕ್ಕ ನಿಲ್ಲಿಸಲು ಅದೇ ಅಳತೆಯ ಕಾರು ಬೇಕಾಯಿತು. ಜಾಗ ಕಡಿಮೆ ಇರುವವರಿಗೆ, ಸಾಲಾಗಿ ಇಪ್ಪತ್ತು ಮೂವತ್ತು ಕಾರು ಜೋಡಿಸುವ ಆಸೆ ಇರುವವರಿಗೆ ಇದು ಚೆಂದ. ಆದರೆ ಈ ಅಳತೆಯ ಕಿಟ್‌ಗಳು ಹೆಚ್ಚಾಗಿ ರೆಸಿನ್ (ಅಚ್ಚಿಗೆ ಎರೆದು ಗಟ್ಟಿ ಮಾಡುವ ರಾಳ) ಅಥವಾ ಬಿಳಿ ಲೋಹದಲ್ಲಿ (ತವರ ಸೇರಿದ ಮೆತ್ತನೆ ಲೋಹ) ಬರುತ್ತವೆ, ಹೊಸಬರ ಕೈಗೆ ಅವು ಸುಲಭ ಅಲ್ಲ. 1/18ರಲ್ಲಿ ಸಿಗುವುದು ಜಾಸ್ತಿ ಕಟ್ಟಿ ಮುಗಿಸಿದ ಡೈಕಾಸ್ಟ್, ಅಂದರೆ ಅಚ್ಚಿನಲ್ಲಿ ಎರಕ ಹೊಯ್ದ ಲೋಹದ ಕಾರು. ಪುಸ್ತಕದ ಶೆಲ್ಫಿನಲ್ಲಿ ಅಡ್ಡ ಇಟ್ಟರೆ ಪೂರ್ತಿ ಜಾಗ ತಿನ್ನುತ್ತದೆ.

ಕಟ್ಟುವುದೇ ಖುಷಿ ಅಂದರೆ 1/24 ತಗೊಳ್ಳಿ. ಕಿಟ್, ಡಿಕಾಲ್ (ನೀರಿನಲ್ಲಿ ನೆನೆಸಿ ಅಂಟಿಸುವ ತೆಳು ಚಿತ್ರ), ಚಕ್ರ, ಸೀಟ್ ಬೆಲ್ಟ್, ಏನೇ ಹುಡುಕಿದರೂ ಈ ಅಳತೆಯಲ್ಲಿ ಸಿಕ್ಕಷ್ಟು ಬೇರೆಯದರಲ್ಲಿ ಸಿಗುವುದಿಲ್ಲ. ಕೈಗೂ ಕಣ್ಣಿಗೂ ಹದವಾದ ಗಾತ್ರ.

ಸ್ನ್ಯಾಪ್ ಕಿಟ್ ಮತ್ತು ಅಂಟು ಕಿಟ್

ಪೇಂಟ್ ಹೊಡೆಯಲು ಜಾಗವೇ ಇಲ್ಲ ಅನ್ನುವವರಿಗೆ ನನ್ನ ಸಲಹೆ ಅಓಶಿಮಾ ಕಂಪನಿಯ 1/32 ಸ್ನ್ಯಾಪ್ ಕಿಟ್. ಪ್ಲಾಸ್ಟಿಕ್ಕೇ ಕಾರಿನ ಬಣ್ಣದಲ್ಲಿ ಬರುತ್ತದೆ. ಅಂಟು ಬೇಡ, ಒತ್ತಿದರೆ ಕೂರುತ್ತದೆ. ಲೈಟು, ಗಾಜಿನ ಅಂಚು ಇಂಥವಕ್ಕೆ ಸ್ಟಿಕ್ಕರ್ ಕೊಟ್ಟಿರುತ್ತಾರೆ. ಇದರಲ್ಲಿ ಸುಜುಕಿ ಜಿಮ್ನಿ ಇದೆ, ಮೂರು ಬಾಗಿಲಿನ ಜಪಾನ್ ಮಾದರಿ. ಕಟ್ಟಿದ ಮೇಲೆ ಹತ್ತೂವರೆ ಸೆಂ.ಮೀ. ಉದ್ದ. ಒಂದು ಭಾನುವಾರ ಮಧ್ಯಾಹ್ನ ಊಟ ಆದ ಮೇಲೆ ಕೂತರೆ ಸಂಜೆ ಕಾಫಿ ಹೊತ್ತಿಗೆ ಮುಗಿಯುತ್ತದೆ. ಹತ್ತು ಹನ್ನೆರಡು ವರ್ಷದ ಮಕ್ಕಳ ಜೊತೆ ಕೂತು ಮಾಡಲು ಇದಕ್ಕಿಂತ ಒಳ್ಳೆಯದು ನನಗೆ ಗೊತ್ತಿಲ್ಲ.

ಇದನ್ನು "ಮಕ್ಕಳ ಆಟಿಕೆ" ಅಂತ ತಳ್ಳಿಹಾಕುವವರನ್ನು ಕಂಡರೆ ನನಗೆ ಬೇಸರ ಆಗುತ್ತದೆ. ಅದೇ ಜಿಮ್ನಿಯ ಬಾಗಿಲ ಗೆರೆಗೆ ನೀರಿನಲ್ಲಿ ತೆಳು ಮಾಡಿದ ಅಕ್ರಿಲಿಕ್ ಕಪ್ಪು ಇಳಿಸಿ, ಟೈರಿನ ಹೊಳಪನ್ನು ವಾಟರ್ ಪೇಪರಿನಿಂದ (ನೀರು ಹಾಕಿ ಉಜ್ಜುವ ಸ್ಯಾಂಡ್‌ಪೇಪರ್) ಉಜ್ಜಿ ತೆಗೆದು, ಬಂಪರಿಗೆ ಮ್ಯಾಟ್ ಕ್ಲಿಯರ್ (ಹೊಳಪಿಲ್ಲದ ಪಾರದರ್ಶಕ ಪದರ) ಕೊಟ್ಟು ನೋಡಿ. ಒಂದು ಹನಿ ಬಾಡಿ ಪೇಂಟ್ ಇಲ್ಲದೆ ಗುರುತೇ ಸಿಗದಷ್ಟು ಬದಲಾಗುತ್ತದೆ.

ಪೇಂಟ್ ಹೊಡೆಯುತ್ತೇನೆ ಅನ್ನುವವರಿಗೆ ಅಂಟಿಸಿ ಕಟ್ಟುವ 1/24 ಕಿಟ್. ಇಲ್ಲಿ ಜಪಾನಿನ ಶಿಜುವೋಕಾ ಊರಿನ ಹೆಸರು ಹೇಳಲೇಬೇಕು. ತಮಿಯಾ, ಹಸೆಗಾವಾ, ಫುಜಿಮಿ, ಅಓಶಿಮಾ ನಾಲ್ಕೂ ಆ ಕಡೆಯವೇ. ಮೊದಲ ಕಿಟ್‌ಗೆ ತಮಿಯಾ ಕಣ್ಣು ಮುಚ್ಚಿ ತಗೊಳ್ಳಬಹುದು. ಭಾಗಗಳು ಒಂದಕ್ಕೊಂದು ಕೂರುವ ರೀತಿ, ಸೂಚನೆ ಪುಸ್ತಕದ ಚಿತ್ರಗಳು, ಎರಡೂ ಅಚ್ಚುಕಟ್ಟು. ಫುಜಿಮಿಯ ಎಂಥೂಸಿಯಾಸ್ಟ್ ಸರಣಿಯ ಪೋರ್ಷೆಗಳು ತುಂಬಾ ವಿವರವಾದವು, ಎಂಜಿನ್ನಿನ ಸಣ್ಣ ಸಣ್ಣ ಕೊಳವೆಯೂ ಇರುತ್ತದೆ. ಆದರೆ ತಾಳ್ಮೆ ಬೇಕು. ಮೂರನೆಯದೋ ನಾಲ್ಕನೆಯದೋ ಕಿಟ್ ಆಗಿ ತಗೊಳ್ಳಿ.

ಇನ್ನೊಂದು ವಿಷಯ ಡಬ್ಬಿ ನೋಡಿದ ಕೂಡಲೇ ಗೊತ್ತಾಗುವುದಿಲ್ಲ. ತುಂಬಾ ಜಪಾನಿ ಕಿಟ್‌ಗಳಲ್ಲಿ ಎಂಜಿನ್ ಇರುವುದೇ ಇಲ್ಲ, ಬಾನೆಟ್ ಬಾಡಿಗೇ ಸೇರಿರುತ್ತದೆ. ಇಂಥವನ್ನು ಕರ್ಬ್‌ಸೈಡ್ ಅನ್ನುತ್ತಾರೆ. ರಸ್ತೆ ಬದಿಯಲ್ಲಿ ನಿಂತು ನೋಡಿದರೆ ಎಷ್ಟು ಕಾಣುತ್ತದೋ ಅಷ್ಟೇ. ಅಮೆರಿಕದ ಎಎಂಟಿ, ರೆವೆಲ್ ಕಿಟ್‌ಗಳಲ್ಲಿ ಸಾಮಾನ್ಯವಾಗಿ ಎಂಜಿನ್ ಇರುತ್ತದೆ, ಬಾನೆಟ್ ಬೇರೆ ತುಂಡು. ಎಂಜಿನ್ ಇದ್ದರೆ ಜಾಸ್ತಿ ಒಳ್ಳೆಯದು ಅಂತ ಅನ್ನಿಸುತ್ತದೆ, ಅಲ್ವಾ? ಆದರೆ ಬೇರೆ ಬಾನೆಟ್ ಅಂದರೆ ಬಾಡಿ ಮತ್ತು ಬಾನೆಟ್ ಎರಡನ್ನೂ ಒಂದೇ ದಿನ, ಒಂದೇ ಕೋನದಲ್ಲಿ, ಒಂದೇ ದಪ್ಪಕ್ಕೆ ಪೇಂಟ್ ಹೊಡೆಯಬೇಕು. ಮೆಟಾಲಿಕ್ ಬಣ್ಣವಾದರೆ ಒಂದು ಚೂರು ಹೆಚ್ಚುಕಡಿಮೆಯಾದರೂ ಎರಡು ಬೇರೆ ಕಾರಿನ ತುಂಡು ಜೋಡಿಸಿದ ಹಾಗೆ ಕಾಣುತ್ತದೆ. ಹೊಸಬರಿಗೆ ಕರ್ಬ್‌ಸೈಡ್ ವರದಾನ. ಬಾಡಿ ಒಂದೇ ತುಂಡು, ಗಮನವೂ ಒಂದೇ ಕಡೆ.

ನನ್ನ ಮೊದಲ ಕಿಟ್ ತಮಿಯಾದ 1966ರ ಫೋಕ್ಸ್‌ವ್ಯಾಗನ್ 1300 ಬೀಟಲ್. ಇವತ್ತಿಗೂ ಹೊಸಬರಿಗೆ ಅದನ್ನೇ ಹೇಳುತ್ತೇನೆ. ಮೈಯೆಲ್ಲ ದುಂಡು, ಚೂಪು ಮೂಲೆ ಕಡಿಮೆ. ಪೇಂಟ್ ಚೂಪು ಅಂಚುಗಳಿಂದ ಜಾರಿ ದೂರ ಸರಿಯುತ್ತದೆ, ದುಂಡಗಿನ ಮೈಮೇಲೆ ಒಂದೇ ಸಮ ಹರಡಿಕೊಳ್ಳುತ್ತದೆ. ಬಣ್ಣವೂ ಸಾದಾ, ಕೆನೆ ಬಣ್ಣವೋ ತಿಳಿನೀಲಿಯೋ ಹೊಡೆದರೆ ಕಾರಿಗೆ ಒಪ್ಪುತ್ತದೆ.

ಬೆಲೆ ಬಗ್ಗೆ ಒಂದು ಮಾತು. ಕೈಗೆಟುಕುವ ತಮಿಯಾ ಕಿಟ್ ಇಲ್ಲಿ ಎರಡೂವರೆಯಿಂದ ನಾಲ್ಕೂವರೆ ಸಾವಿರದ ಸುತ್ತ ಇರುತ್ತದೆ. ಆಟಿಕೆಗಳ ಮೇಲಿನ ಆಮದು ಸುಂಕ 2020ರ ಬಜೆಟ್‌ನಲ್ಲಿ ಶೇ 20ರಿಂದ 60ಕ್ಕೆ, 2023ರಲ್ಲಿ 70ಕ್ಕೆ ಏರಿತು. ಸ್ಕೇಲ್ ಮಾಡೆಲ್‌ಗಳೂ ಅದೇ ಪಟ್ಟಿಯಲ್ಲಿ ಬರುತ್ತವೆ. ಅಮೆರಿಕದಲ್ಲಿರುವ ಕನ್ನಡಿಗರಿಗೆ ಲೆಕ್ಕ ಬೇರೆ. ಅಲ್ಲಿ 1/25 ಕಿಟ್‌ಗಳು ಸುಲಭವಾಗಿ ಸಿಗುತ್ತವೆ, ಅದರಿಂದಲೇ ಶುರು ಮಾಡುವುದು ಜಾಣತನ.

ಡೈಕಾಸ್ಟ್: ಬಿಚ್ಚಿ ಮತ್ತೆ ಕಟ್ಟುವುದು

ಕಿಟ್‌ಗೆ ಅಷ್ಟು ದುಡ್ಡು ಹಾಕಲು ಮನಸ್ಸು ಬಾರದವರಿಗೆ ಇದು ಒಳ್ಳೆಯ ದಾರಿ. ಒಂದು ಹಾಟ್ ವೀಲ್ಸ್ ಇನ್ನೂರು ರೂಪಾಯಿಯ ಆಸುಪಾಸಿನಲ್ಲಿ ಸಿಗುತ್ತದೆ. ತಳದಲ್ಲಿ ಎರಡು ರಿವೆಟ್ ಇರುತ್ತದೆ. ಅವುಗಳ ತಲೆಯನ್ನು ಡ್ರಿಲ್ಲಿನಿಂದ ಕೊರೆದರೆ ತಳ, ಒಳಭಾಗ, ಗಾಜು, ಬಾಡಿ ಎಲ್ಲ ಬೇರೆ ಬೇರೆ ಆಗುತ್ತವೆ. ಬಾಡಿಯ ಪೇಂಟನ್ನು ಪೇಂಟ್ ರಿಮೂವರ್ ಹಚ್ಚಿ ತೆಗೆದರೆ ಬೆಳ್ಳಗಿನ ಸತುವಿನ ಲೋಹ ಸಿಗುತ್ತದೆ. ಮತ್ತೆ ಜೋಡಿಸುವಾಗ ರಿವೆಟ್ ಕಂಬಕ್ಕೆ ಎಂ2, ಅಂದರೆ 2 ಮಿ.ಮೀ. ದಪ್ಪದ ಸ್ಕ್ರೂ ಹಾಕುತ್ತಾರೆ.

ಲೋಹದ ದೊಡ್ಡ ಗುಣ ಅಂದರೆ ಅದು ಎಂಥ ಥಿನ್ನರನ್ನೂ ತಡೆದುಕೊಳ್ಳುತ್ತದೆ. ಟಿಂಕರಿಂಗ್-ಪೇಂಟಿಂಗ್ ಗ್ಯಾರೇಜಿನಲ್ಲಿ ಬಳಸುವ ಎನ್‌ಸಿ (ನೈಟ್ರೋಸೆಲ್ಯುಲೋಸ್) ಪೇಂಟನ್ನೇ ಹೊಡೆಯಬಹುದು. ಪ್ಲಾಸ್ಟಿಕ್ ಹಾಗಲ್ಲ. ಒಂದು ಸಲ ಪ್ರೈಮರ್ (ಬಣ್ಣಕ್ಕೆ ಮುಂಚೆ ಹೊಡೆಯುವ ಅಡಿಪದರ) ಇಲ್ಲದ ಕಿಟ್ ಬಾಡಿ ಮೇಲೆ ಎನ್‌ಸಿ ಪೇಂಟ್ ಹೊಡೆದೆ. ಹತ್ತು ನಿಮಿಷದಲ್ಲಿ ಬಾನೆಟ್ ಮೇಲೆ ಸಣ್ಣ ಸಣ್ಣ ಬಿರುಕು ಎದ್ದವು, ಬೇಸಿಗೆಯಲ್ಲಿ ಕೆರೆಯ ತಳ ಬಿರಿಯುವ ಹಾಗೆ. ಥಿನ್ನರ್ ಪ್ಲಾಸ್ಟಿಕ್ಕನ್ನೇ ತಿಂದಿತ್ತು. ಆ ಬಾಡಿ ಮತ್ತೆ ಸರಿಯಾಗಲಿಲ್ಲ. ಹಾಗಾಗಿ ಪೇಂಟ್ ಕಲಿಯಲು ನಾನು ಹೇಳುವುದು ಇದೇ: ಮೊದಲು ಎರಡು ಮೂರು ಡೈಕಾಸ್ಟ್ ಮೇಲೆ ಕೈ ಪಳಗಲಿ. ಕೆಟ್ಟರೆ ರಿಮೂವರಿನಲ್ಲಿ ಅದ್ದಿ ಮತ್ತೆ ಶುರು ಮಾಡಬಹುದು.

1/64ರ ತೊಂದರೆ ಒಂದೇ. ವಿವರಕ್ಕೆ ಜಾಗ ಇಲ್ಲ. ಹೆಡ್‌ಲೈಟಿಗೆ ಬೆಳ್ಳಿ ಬಣ್ಣ, ಹಿಂದಿನ ಲೈಟಿಗೆ ಬೆಳ್ಳಿಯ ಮೇಲೆ ತೆಳು ಕೆಂಪು, ರಬ್ಬರ್ ಟೈರು, ಅಲ್ಲಿಗೆ ಮುಗಿಯಿತು. ಇನ್ನೂ ಬೇಕು ಅನ್ನಿಸಿದರೆ 1/24 ಅಥವಾ 1/18 ಡೈಕಾಸ್ಟ್ ತಂದು ಒಳಗಿನ ಸೀಟು, ಡ್ಯಾಶ್‌ಬೋರ್ಡು, ಕಾರ್ಪೆಟ್ ಅಷ್ಟನ್ನೇ ಚೆಂದ ಮಾಡಿ. ಕಂಪನಿ ಹೊಡೆದ ಬಾಡಿ ಪೇಂಟ್ ಹಾಗೇ ಇರಲಿ. ಪೇಂಟ್ ಜಾಗ ಇಲ್ಲದವರಿಗೆ ಸ್ನ್ಯಾಪ್ ಕಿಟ್ ಬಿಟ್ಟರೆ ಇದೇ ಎರಡನೇ ದಾರಿ.

ಒಂದು ವಿನಂತಿ ಇದೆ. ಲಿವರ್‌ಪೂಲಿನ ಮೆಕ್ಕಾನೊ ಕಂಪನಿಯ ಡಿಂಕಿ ಕಾರುಗಳ ಕೆಲವು ಅಚ್ಚುಗಳು ಒಂದು ಕಾಲದಲ್ಲಿ ಕಲ್ಕತ್ತಾಗೆ ಬಂದು, ಅಲ್ಲಿ ನಿಕಿ ಟಾಯ್ಸ್ ಅನ್ನುವ ಹೆಸರಿನಲ್ಲಿ ಕಾರುಗಳು ತಯಾರಾದವು. ಕಲ್ಕತ್ತಾದ್ದೇ ಮಿಲ್ಟನ್ ಕಾರುಗಳೂ ಇದ್ದವು. ತಾತನ ಕಾಲದ ಶೋಕೇಸಿನಲ್ಲಿ ಅಂಥದ್ದು ಸಿಕ್ಕಿದರೆ ದಯವಿಟ್ಟು ರಿಮೂವರಿಗೆ ಅದ್ದಬೇಡಿ. ಪೇಂಟ್ ಎದ್ದಿದ್ದರೂ ಅದು ಹಾಗೇ ಇರಬೇಕಾದ ವಸ್ತು.

ರೆಸಿನ್ ಮತ್ತು 3ಡಿ ಪ್ರಿಂಟ್

ದೊಡ್ಡ ಕಂಪನಿಗಳು ಮಾಡದ ಕಾರು ಬೇಕಾದವರು ಕೊನೆಗೆ ಇಲ್ಲಿಗೇ ಬರುತ್ತಾರೆ. ರೆಸಿನ್ ಬಾಡಿಯನ್ನು ರಬ್ಬರ್ ಅಚ್ಚಿನಲ್ಲಿ ಎರೆದು ತೆಗೆಯುತ್ತಾರೆ. ಗುಳ್ಳೆ ಇರುತ್ತದೆ, ಅಂಚು ಸ್ವಲ್ಪ ಸೊಟ್ಟ ಇರುತ್ತದೆ. ಬಿಸಿನೀರಿನಲ್ಲಿ ಅದ್ದಿ ಮೆತ್ತಗೆ ಮಾಡಿ ನೆಟ್ಟಗೆ ಮಾಡಬೇಕು. ಪ್ಲಾಸ್ಟಿಕ್ ಕಿಟ್ಟಿನ ಅಂಟು ಇದಕ್ಕೆ ಹಿಡಿಯುವುದಿಲ್ಲ, ಫೆವಿಕ್ವಿಕ್ ಅಥವಾ ಅರಾಲ್ಡೈಟ್ ಬೇಕು. ಉಜ್ಜುವಾಗ ಏಳುವ ಪುಡಿ ಶ್ವಾಸಕೋಶಕ್ಕೆ ಕೆಟ್ಟದ್ದು. ನೀರು ಹಾಕಿಕೊಂಡೇ ಉಜ್ಜಿ, ಮಾಸ್ಕ್ ಹಾಕಿಕೊಳ್ಳಿ.

3ಡಿ ಪ್ರಿಂಟಿನಲ್ಲಿ ಗುಳ್ಳೆ ಇಲ್ಲ, ಆದರೆ ಪದರದ ಗೆರೆ ಇರುತ್ತದೆ. ಬರಿಗಣ್ಣಿಗೆ ಕಾಣದಿದ್ದರೂ ಹೊಳೆಯುವ ಪೇಂಟ್ ಬಿದ್ದ ಕೂಡಲೇ ಬೆರಳಚ್ಚಿನ ಹಾಗೆ ಎದ್ದು ಕಾಣುತ್ತದೆ. ಪ್ರೈಮರ್, ಉಜ್ಜು, ಮತ್ತೆ ಪ್ರೈಮರ್, ಮತ್ತೆ ಉಜ್ಜು. ಇವೆರಡರಲ್ಲಿ ಒಂದು ಆರಿಸಿ ಅಂದರೆ ಈಗ ನಾನು ಪ್ರಿಂಟ್ ಅನ್ನುತ್ತೇನೆ. ಗೆರೆ ಉಜ್ಜಿದರೆ ಹೋಗುತ್ತದೆ, ಸೊಟ್ಟ ಅಷ್ಟು ಸುಲಭವಾಗಿ ಹೋಗುವುದಿಲ್ಲ.

ಅಂಬಾಸಿಡರ್ ಬೇಕೇ ಬೇಕು ಅನ್ನುವವರಿಗೆ ಇನ್ನೂ ಒಂದು ದಾರಿ ಇದೆ. ಸೆಂಟಿ ಟಾಯ್ಸ್ ಮಾಡುವ, ಹಿಂದಕ್ಕೆಳೆದು ಬಿಟ್ಟರೆ ಓಡುವ ಪ್ಲಾಸ್ಟಿಕ್ ಅಂಬಾಸಿಡರ್. ಆಟಿಕೆಯೇ, ಆದರೆ ಮೈಕಟ್ಟು ಚೆನ್ನಾಗಿ ಹಿಡಿದಿದ್ದಾರೆ. ಬಿಚ್ಚಿ, ಉಜ್ಜಿ, ಪೇಂಟ್ ಹೊಡೆದು, ಚಕ್ರ ಬದಲಿಸಿದರೆ ನೋಡಿದವರು ಎಲ್ಲಿ ಸಿಕ್ಕಿತು ಅಂತ ಕೇಳುತ್ತಾರೆ.

ಪೇಂಟ್: ಕ್ಯಾನೋ, ಏರ್‌ಬ್ರಶ್ಶೋ?

ಬ್ರಶ್ಶಿನಲ್ಲಿ ಬಾಡಿ ಬಳಿಯಬಹುದಾ? ಬೇಡ. ಒಳಗಿನ ಸೀಟು, ಎಂಜಿನ್, ತಳಕ್ಕೆ ಬ್ರಶ್ ಸಾಕು. ಬಾಡಿಗೆ ಸ್ಪ್ರೇನೇ ಬೇಕು.

ಮೊದಲು ಪೇಂಟ್‌ಗಳ ಸ್ವಭಾವ ತಿಳಿದುಕೊಳ್ಳಿ. ಲ್ಯಾಕರ್ ಬೇಗ ಒಣಗುತ್ತದೆ, ಗಟ್ಟಿಯಾಗುತ್ತದೆ, ಉಜ್ಜಿದರೆ ಹೊಳಪು ಚೆನ್ನಾಗಿ ಏಳುತ್ತದೆ. ವಾಸನೆ ಜೋರು. ಎನಾಮಲ್ ನಿಧಾನ, ಒಂದು ಕೋಟ್ ಪೂರ್ತಿ ಗಟ್ಟಿಯಾಗಲು ದಿನಗಟ್ಟಲೆ ಬೇಕು, ಅಷ್ಟರಲ್ಲಿ ಧೂಳು ಬಂದು ಕೂರುತ್ತದೆ. ಅಕ್ರಿಲಿಕ್ಕಿಗೆ ವಾಸನೆ ಕಡಿಮೆ, ಮನೆಯೊಳಗಿನ ಕೆಲಸಕ್ಕೆ ಒಗ್ಗುತ್ತದೆ, ಆದರೆ ಮೇಲ್ಮೈ ಮೃದು. ಲ್ಯಾಕರ್ ಮೇಲೆ ಎನಾಮಲ್ ಹೋಗಬಹುದು. ಎನಾಮಲ್ ಮೇಲೆ ಲ್ಯಾಕರ್ ಹೊಡೆದರೆ ಅಡಿಯ ಪದರ ಸುಕ್ಕಾಗಿ ಏಳುತ್ತದೆ. ಕಾರ್ ಬಾಡಿಗೆ ನನ್ನ ಆಯ್ಕೆ ಲ್ಯಾಕರ್.

ತಮಿಯಾದ ಟಿಎಸ್ ಸ್ಪ್ರೇ ಕ್ಯಾನ್ ಲ್ಯಾಕರ್ರೇ, ಕಿಟ್ ಪ್ಲಾಸ್ಟಿಕ್ಕಿಗೆಂದೇ ಮಾಡಿದ್ದು. 100 ಮಿ.ಲೀ. ಕ್ಯಾನಿನಲ್ಲಿ ಒಂದೆರಡು ಬಾಡಿ ಆಗುತ್ತದೆ. ಪಿಎಸ್ ಅಂತ ಬರೆದದ್ದನ್ನು ತರಬೇಡಿ, ಅದು ರಿಮೋಟ್ ಕಾರಿನ ಪಾಲಿಕಾರ್ಬೊನೇಟ್ ಬಾಡಿಗೆ. ಕ್ಯಾನಿನ ಗುಣ ಅಂದರೆ ತಂದ ದಿನವೇ ಹೊಡೆಯಬಹುದು. ದೋಷ ಅಂದರೆ ಒತ್ತಡ ನಿಮ್ಮ ಕೈಯಲ್ಲಿಲ್ಲ, ಪೇಂಟ್ ಒಂದೇ ಸಮನೆ ಸುರಿಯುತ್ತದೆ. ಹೊಡೆಯುವ ಮುಂಚೆ ಕ್ಯಾನನ್ನು ಉಗುರುಬೆಚ್ಚಗಿನ ನೀರಿನಲ್ಲಿ ಐದು ನಿಮಿಷ ನಿಲ್ಲಿಸಿದರೆ ಹನಿ ಸಣ್ಣದಾಗಿ ಬೀಳುತ್ತದೆ. ಒಲೆಯ ಹತ್ತಿರ ಮಾತ್ರ ಒಯ್ಯಲೇಬೇಡಿ. ಇನ್ನೊಂದು, ವಿದೇಶದಿಂದ ಬರುವ ತಮ್ಮನಿಗೋ ಗೆಳತಿಗೋ ಸ್ಪ್ರೇ ಪೇಂಟ್ ಕ್ಯಾನ್ ತರಲು ಹೇಳಬೇಡಿ. ವಿಮಾನದಲ್ಲಿ ಅದನ್ನು ಬಿಡುವುದಿಲ್ಲ.

ಏರ್‌ಬ್ರಶ್ ಅಂದರೆ ಗಾಳಿಯ ಒತ್ತಡದಲ್ಲಿ ಪೇಂಟ್ ಎರಚುವ ಪೆನ್ನಿನಂಥ ಸ್ಪ್ರೇ. ಬೇಕಾದದ್ದು 0.3 ಮಿ.ಮೀ. ನಾಜಲ್, ಮೇಲೆ ಬಟ್ಟಲು ಇರುವ ಡಬಲ್ ಆ್ಯಕ್ಷನ್ (ಗುಂಡಿ ಒತ್ತಿದರೆ ಗಾಳಿ, ಹಿಂದಕ್ಕೆಳೆದರೆ ಪೇಂಟ್) ಮತ್ತು ಒಂದು ಸಣ್ಣ ಕಂಪ್ರೆಸರ್. ಪೇಂಟನ್ನು ಹಾಲಿನ ಹದಕ್ಕೆ ತೆಳು ಮಾಡಿಕೊಂಡು, 15ರಿಂದ 20 ಪಿಎಸ್‌ಐ ಒತ್ತಡದಲ್ಲಿ ಹೊಡೆಯುತ್ತಾರೆ. ತೆಳುವಾದ ಕೋಟ್ ಇದರಲ್ಲಿ ಸಲೀಸು, ಬಾಗಿಲ ಗೆರೆ ತುಂಬುವುದಿಲ್ಲ. ಬೇಕಾದ ಬಣ್ಣ ಬೆರೆಸಿಕೊಳ್ಳಬಹುದು. ಆದರೆ ಪ್ರತಿ ಸಲ ಬಿಚ್ಚಿ ತೊಳೆಯಬೇಕು. ಹತ್ತು ನಿಮಿಷ ಪೇಂಟ್ ಹೊಡೆದರೆ ಹದಿನೈದು ನಿಮಿಷ ತೊಳೆಯುವುದು.

ವರ್ಷಕ್ಕೆ ಒಂದೆರಡು ಕಾರು ಕಟ್ಟುವವರಿಗೆ ಕ್ಯಾನ್ ಸಾಕು. ನಾಲ್ಕೈದು ಕಟ್ಟುವವರಿಗೆ ಏರ್‌ಬ್ರಶ್ ತನ್ನ ದುಡ್ಡು ತಾನೇ ಹುಟ್ಟಿಸಿಕೊಳ್ಳುತ್ತದೆ. ಹಾರ್ಡ್‌ವೇರ್ ಅಂಗಡಿಯ ಸ್ಪ್ರೇಗಳ ಥಿನ್ನರ್ ಖಾರ. ಪ್ಲಾಸ್ಟಿಕ್ ಚಮಚದ ಮೇಲೆ ಮೊದಲು ಹೊಡೆದು ನೋಡಿ, ಆಮೇಲೆ ಧೈರ್ಯ ಮಾಡಿ.

ನಾನು ಪೇಂಟ್ ಹೊಡೆಯುವುದನ್ನು ಕಲಿತದ್ದು ನಮ್ಮ ಬೀದಿಯ ಟಿಂಕರಿಂಗ್ ಗ್ಯಾರೇಜಿನ ಮೇಸ್ತ್ರಿ ಹತ್ತಿರ. ಬೀಟಲ್ ಬಾಡಿಯನ್ನು ಕೈಯಲ್ಲಿ ಹಿಡಿದುಕೊಂಡು ಹೋಗಿ, "ಅಣ್ಣ, ಇದು ಯಾಕೆ ಕಿತ್ತಳೆ ಸಿಪ್ಪೆ ತರ ಆಯ್ತು?" ಅಂತ ಕೇಳಿದ್ದೆ. ಅವರು ಅದನ್ನು ತಿರುಗಿಸಿ ತಿರುಗಿಸಿ ನೋಡಿದರು. "ಮೇಡಂ, ದೂರದಿಂದ ಹೊಡ್ದಿದ್ದೀರ. ಹನಿ ಬಂದು ಬೀಳೋ ಮುಂಚೆನೇ ಒಣಗೋಗಿದೆ. ಮೊದಲ ಕೋಟು ಇಬ್ಬನಿ ಬಿದ್ದ ಹಾಗೆ ಹೊಡೀರಿ, ಬಣ್ಣ ಕಾಣದಿದ್ರೂ ಪರವಾಗಿಲ್ಲ. ಕೊನೇದು ಒದ್ದೆ ಒದ್ದೆಯಾಗಿ ಬೀಳ್ಬೇಕು."

ಈಗಲೂ ಹಾಗೇ ಮಾಡುತ್ತೇನೆ. ಬಾಡಿಯನ್ನು ಪಾತ್ರೆ ತೊಳೆಯುವ ಸೋಪಿನಲ್ಲಿ ತೊಳೆದು ಒಣಗಿಸುತ್ತೇನೆ. ಖಾಲಿ ಬಾಟಲಿಯ ತಲೆಗೆ ಟೇಪ್ ಸುತ್ತಿ ಅದರ ಮೇಲೆ ಕೂರಿಸುತ್ತೇನೆ, ಆಗ ಬಾಡಿ ಮುಟ್ಟದೆ ತಿರುಗಿಸಬಹುದು. ಬೂದು ಪ್ರೈಮರ್, ಅದು ಒಣಗಿದ ಮೇಲೆ 1000 ನಂಬರಿನ ವಾಟರ್ ಪೇಪರಿನಿಂದ ಹಗುರಾಗಿ ಒಂದು ಉಜ್ಜು. ಆಮೇಲೆ ಒಂದು ಗೇಣು ದೂರದಿಂದ ಮೊದಲ ಇಬ್ಬನಿ ಕೋಟ್. ಸ್ಪ್ರೇ ಶುರುವಾಗುವುದು ಕಾರಿನ ಮುಂದೆ, ನಿಲ್ಲುವುದು ಕಾರು ದಾಟಿದ ಮೇಲೆ. ಕಾರಿನ ಮೇಲೆಯೇ ಒತ್ತಿದರೆ ಅಲ್ಲಿ ಗುಡ್ಡೆ ಬೀಳುತ್ತದೆ. ಹದಿನೈದು ನಿಮಿಷ ಬಿಟ್ಟು ಎರಡನೆಯದು. ಕೊನೆಯ ಒದ್ದೆ ಕೋಟಿನಲ್ಲಿ ಕಣ್ಣನ್ನು ಪೇಂಟ್ ಮೇಲೆ ಇಡುವುದಿಲ್ಲ, ಅದರಲ್ಲಿ ಕಾಣುವ ಟ್ಯೂಬ್‌ಲೈಟ್ ಬಿಂಬದ ಮೇಲೆ ಇಡುತ್ತೇನೆ. ಬಿಂಬದ ಅಂಚು ತರಿತರಿಯಾಗಿದ್ದರೆ ಇನ್ನೂ ಒಂದು ಸಲ ಕೈ ಆಡಿಸಬೇಕು. ಅಂಚು ನೆಟ್ಟಗಾದ ಕ್ಷಣ ನಿಲ್ಲಿಸಬೇಕು. ಇನ್ನೊಂದೇ ಒಂದು ಸಲ ಅಂದರೆ ಬಾಗಿಲ ಕೆಳಗೆ ಸೋರುತ್ತದೆ.

ಕೆಂಪು ಪ್ಲಾಸ್ಟಿಕ್ಕಿನ ಕಿಟ್ ತಂದು ಬಿಳಿ ಅಥವಾ ಹಳದಿ ಹೊಡೆಯುವ ಯೋಚನೆ ಇದ್ದರೆ ಎಚ್ಚರ. ಲ್ಯಾಕರ್ ಪ್ಲಾಸ್ಟಿಕ್ಕಿನ ಕೆಂಪನ್ನು ಎಳೆದುಕೊಂಡು ಎರಡು ದಿನದಲ್ಲಿ ಗುಲಾಬಿಯಾಗುತ್ತದೆ. ಬಿಳಿ ಅಥವಾ ಬೂದು ಪ್ಲಾಸ್ಟಿಕ್ಕಿನ ಕಿಟ್ ಸಿಕ್ಕಿದರೆ ಅದನ್ನೇ ಆರಿಸಿ. ಮೆಟಾಲಿಕ್ ಬಣ್ಣದಲ್ಲಿ ಮಿನುಗುಪುಡಿ ಸಣ್ಣದಿರಬೇಕು. ನಿಜವಾದ ಕಾರಿನ ಟಚ್-ಅಪ್ ಮೆಟಾಲಿಕ್ ಹೊಡೆದರೆ ಪುಡಿ ಜಲ್ಲಿಕಲ್ಲಿನ ಹಾಗೆ ಕಾಣುತ್ತದೆ.

ಇನ್ನು ಕಾಲ. ಆಷಾಢದಲ್ಲಿ ಟೆರೇಸ್ ಮೇಲೆ ಪೇಂಟ್ ಹೊಡೆಯಬೇಡಿ. ಗಾಳಿ ಧೂಳು ತರುತ್ತದೆ, ಕ್ಯಾನಿನ ಅರ್ಧ ಪೇಂಟ್ ಪಕ್ಕದ ಮನೆಗೆ ಹೋಗುತ್ತದೆ. ಮಳೆಗಾಲದ ತೇವದಲ್ಲಿ ಲ್ಯಾಕರ್ ಹೊಡೆದರೆ ಹೊಳಪು ಹೋಗಿ ಬೆಳ್ಳಗೆ ಮಂಜು ಕೂರುತ್ತದೆ. ಮಂಗಳೂರು, ಕಾರವಾರದ ಕಡೆಯವರಿಗೆ ಇದರ ಕಾಟ ಜಾಸ್ತಿ. ಬೆಂಗಳೂರು, ಮೈಸೂರಿನವರಿಗೆ ದೀಪಾವಳಿಯಿಂದ ಶಿವರಾತ್ರಿವರೆಗೆ ಒಳ್ಳೆಯ ಕಾಲ. ಕಟ್ಟುವ ಕೆಲಸ ಮಳೆಗಾಲಕ್ಕೆ, ಪೇಂಟ್ ಚಳಿಗಾಲಕ್ಕೆ ಅಂತ ಹಂಚಿಕೊಂಡರೆ ನಿರಾಳ.

ಕ್ಲಿಯರ್ ಕೋಟಿನಲ್ಲೂ ಎರಡು ದಾರಿ. ಟಿಎಸ್-13 ಲ್ಯಾಕರ್ ಕ್ಲಿಯರ್ ಮನೆಯಲ್ಲೇ ಹೊಡೆಯಬಹುದು. ಆದರೆ ಡಿಕಾಲ್ ಮೇಲೆ ಒಮ್ಮೆಗೇ ದಪ್ಪ ಹೊಡೆದರೆ ಡಿಕಾಲ್ ಸುಕ್ಕಾಗುತ್ತದೆ, ಇಬ್ಬನಿ ಕೋಟಿನಿಂದಲೇ ಶುರು ಮಾಡಿ. ಗ್ಯಾರೇಜಿನವರು ಹೊಡೆಯುವ, ಹಾರ್ಡನರ್ ಬೆರೆಸುವ ಟೂ-ಕೆ ಕ್ಲಿಯರ್ ಗಾಜಿನ ಹಾಗೆ ಹೊಳೆಯುತ್ತದೆ. ಆದರೆ ಅದರಲ್ಲಿ ಐಸೊಸಯನೇಟ್ ಇರುತ್ತದೆ, ಉಸಿರಿಗೆ ತುಂಬಾ ಅಪಾಯ. ಮನೆಯಲ್ಲಿ ಬೇಡವೇ ಬೇಡ. ಲ್ಯಾಕರ್ ಕ್ಲಿಯರನ್ನು ಒಂದು ವಾರ ಒಣಗಲು ಬಿಟ್ಟು, 2000, 3000 ನಂಬರಿನ ವಾಟರ್ ಪೇಪರಿನಿಂದ ನೀರು ಹಾಕಿ ಉಜ್ಜಿ, ರಬ್ಬಿಂಗ್ ಕಾಂಪೌಂಡ್ ಹಚ್ಚಿ ಹತ್ತಿ ಬಟ್ಟೆಯಲ್ಲಿ ತಿಕ್ಕಿದರೆ ಅದೂ ಟೂ-ಕೆ ಹತ್ತಿರ ಹತ್ತಿರ ಬರುತ್ತದೆ. ಚೂಪು ಅಂಚಿನ ಮೇಲೆ ಮಾತ್ರ ಉಜ್ಜಬೇಡಿ, ಪೇಂಟ್ ಅಲ್ಲಿ ತೆಳುವಾಗಿರುತ್ತದೆ, ತಕ್ಷಣ ಪ್ಲಾಸ್ಟಿಕ್ ಇಣುಕುತ್ತದೆ.

ವಿವರ: ಯಾವುದಕ್ಕೆ ದುಡ್ಡು, ಯಾವುದಕ್ಕೆ ಬೇಡ

ಹೊಸಬರು ಮೊದಲ ಕಿಟ್ ಜೊತೆಯಲ್ಲೇ ಹಿತ್ತಾಳೆ ಹಾಳೆಯ ಫೋಟೋ-ಎಚ್ ಭಾಗಗಳನ್ನೂ (ರಾಸಾಯನಿಕದಿಂದ ಕೊರೆದ ತೆಳು ಲೋಹದ ತುಣುಕು) ತರಿಸಿಬಿಡುತ್ತಾರೆ. ಕೆಲವು ಸಲ ಅದರ ಬೆಲೆ ಕಿಟ್ಟಿನಷ್ಟೇ ಆಗುತ್ತದೆ. ಆ ದುಡ್ಡನ್ನು ಎರಡನೇ ಪೇಂಟ್ ಕ್ಯಾನಿಗೆ ಹಾಕಿ ಅಂತ ಹೇಳುತ್ತೇನೆ. ಎರಡು ಅಡಿ ದೂರದಿಂದ ನೋಡುವವರಿಗೆ ವೈಪರಿನ ತೆಳುವು ಕಾಣುವುದಿಲ್ಲ, ಬಾಡಿಯ ಹೊಳಪು ಕಾಣುತ್ತದೆ.

ದುಡ್ಡಿಲ್ಲದ ವಿವರಗಳೇ ತುಂಬಾ ಇವೆ. ಬಾಗಿಲ ಗೆರೆಗೆ ತೆಳು ಮಾಡಿದ ಎನಾಮಲ್ ಬಣ್ಣ ಮುಟ್ಟಿಸಿದರೆ ತಾನೇ ಹರಿದು ಹೋಗುತ್ತದೆ. ಕೆನೆ ಬಣ್ಣದ ಕಾರಿಗೆ ಕಪ್ಪು ಬೇಡ, ಕಂದು ಅಥವಾ ಬೂದು ಹಾಕಿ, ಕಪ್ಪು ಕಾರ್ಟೂನ್ ಚಿತ್ರದ ಹಾಗೆ ಕಾಣುತ್ತದೆ. ಬಾಡಿಯ ಮೇಲೆ ಪೇಂಟ್, ಕ್ಲಿಯರ್ ಎರಡೂ ಇದ್ದ ಮೇಲಷ್ಟೇ ಈ ಕೆಲಸ. ಬರೀ ಪ್ಲಾಸ್ಟಿಕ್ಕಿಗೆ ಎನಾಮಲ್ ಥಿನ್ನರ್ ಇಳಿದರೆ ಸೀಳು ಬಿಡಬಹುದು.

ಎಂಜಿನ್ ಇರುವ ಕಿಟ್ ಆದರೆ ಸ್ಪಾರ್ಕ್ ಪ್ಲಗ್ಗಿನ ವೈರು ಹಾಕಿ. ನಿಜವಾದ ವೈರು 7ರಿಂದ 8 ಮಿ.ಮೀ. ದಪ್ಪ, 1/24ರಲ್ಲಿ 0.3 ಮಿ.ಮೀ. ಕೆಟ್ಟುಹೋದ ಇಯರ್‌ಫೋನ್ ವೈರು ಸುಲಿದರೆ ಒಳಗೆ ಬಣ್ಣ ಬಣ್ಣದ ಎಳೆ ಸಿಗುತ್ತದೆ. ಒಂದೆರಡು ಎಳೆ ಹೊಸೆದರೆ ಅದೇ ದಪ್ಪ ಬರುತ್ತದೆ. ಡಿಸ್ಟ್ರಿಬ್ಯೂಟರಿನ ತಲೆಯಲ್ಲಿ ಸೂಜಿಯಿಂದ ತೂತು ಮಾಡಿ, ಸಿಲಿಂಡರಿಗೆ ಒಂದರಂತೆ ಎಳೆ ನೆಟ್ಟು, ಪ್ಲಗ್ ಕಡೆಗೆ ಸ್ವಲ್ಪ ಜೋತು ಬಿಡಬೇಕು. ಬಿಗಿಯಾಗಿ ಎಳೆದರೆ ಸುಳ್ಳು ಅನ್ನಿಸುತ್ತದೆ.

ಕ್ರೋಮ್ ಪಟ್ಟಿಗೆ ಎರಡು ಆಯ್ಕೆ. ಬೇರ್ ಮೆಟಲ್ ಫಾಯಿಲ್ ನಿಜವಾದ ಲೋಹದ ಹಾಳೆ, ಅಂಟಿಸಿ ಹೊಸ ಬ್ಲೇಡಿನಲ್ಲಿ ಅಂಚು ಕತ್ತರಿಸಬೇಕು. ಮೊಲೊಟೊವ್ ಕ್ರೋಮ್ ಪೆನ್ ಗೆರೆ ಎಳೆದಷ್ಟು ಸುಲಭ, ಆದರೆ ಬೆರಳು ತಾಕಿದರೆ ಮಂಕಾಗುತ್ತದೆ. ಉದ್ದ ಕಿಟಕಿ ಪಟ್ಟಿಗೆ ಫಾಯಿಲ್, ಕನ್ನಡಿ, ಹಿಡಿಕೆಗೆ ಪೆನ್ನು.

ಅಂಟಿನ ವಿಷಯದಲ್ಲಿ ಒಂದೇ ಮಾತು: ಗಾಜಿಗೆ ಫೆವಿಕ್ವಿಕ್ ಹಾಕಬೇಡಿ, ಅದರ ಹಬೆ ಗಾಜನ್ನು ಬೆಳ್ಳಗೆ ಮಾಡುತ್ತದೆ. ಬಿಳಿ ಫೆವಿಕಾಲ್ ಸಾಕು, ಒಣಗಿದ ಮೇಲೆ ಕಾಣುವುದಿಲ್ಲ.

ಬಣ್ಣ, ಪಟ್ಟಿ, ಒಳಗಿನ ಬಟ್ಟೆ ಹೇಗಿತ್ತು ಅಂತ ನೋಡಲು ಫೋಟೋಗಿಂತ ನಿಜವಾದ ಕಾರು ಮೇಲು. ಧರ್ಮಸ್ಥಳದ ಮಂಜೂಷಾ ಸಂಗ್ರಹಾಲಯದಲ್ಲಿ ಹಳೆಯ ಕಾರುಗಳಿವೆ. ಹೋದಾಗ ದೇವಸ್ಥಾನದ ಜೊತೆಗೆ ಅದಕ್ಕೂ ಒಂದು ಗಂಟೆ ಇಟ್ಟುಕೊಳ್ಳಿ.

ಈಗ ನನ್ನ ಮೇಜಿನ ಮೇಲೆ

ರೇವಾ. 2001ರಲ್ಲಿ ಬೆಂಗಳೂರಿನಲ್ಲಿ ರಸ್ತೆಗಿಳಿದ ಆ ಪುಟ್ಟ ಎಲೆಕ್ಟ್ರಿಕ್ ಕಾರು. ಉದ್ದ 2,638 ಮಿ.ಮೀ., ಅಂದರೆ 1/24ರಲ್ಲಿ 11 ಸೆಂ.ಮೀ. ಕಿಟ್ ಅಂಗಡಿಯಲ್ಲಿ ಕೇಳಿದರೆ ಸಿಗುವ ಕಾರಲ್ಲ. ಹಾಗಾಗಿ ನನ್ನ ಮುಂದೆಯೂ ಇದೇ ಪ್ರಶ್ನೆ ಬಂತು. ಪ್ಲಾಸ್ಟಿಕ್ ಹಾಳೆ ಕತ್ತರಿಸಿ ಕೈಯಲ್ಲೇ ಕಟ್ಟಲಾ, ಪ್ರಿಂಟ್ ಮಾಡಿಸಲಾ? 1 ಮಿ.ಮೀ. ಹಾಳೆಯಲ್ಲಿ ಶುರು ಮಾಡಿದೆ. ಮುಂಭಾಗದ ದುಂಡು ಎರಡು ಸಲ ಮಾಡಿದರೂ ಎಡ ಬಲ ಒಂದೇ ಆಗಲಿಲ್ಲ. ಕೊನೆಗೆ ಪ್ರಿಂಟ್ ಮಾಡಿಸಿದೆ. ತಳ ಮತ್ತು ಸೀಟುಗಳನ್ನು ಹಾಳೆಯಲ್ಲೇ ಕಟ್ಟಿದ್ದೇನೆ.

ನಿಜವಾದ ರೇವಾದ ಮೈಯೇ ಎಬಿಎಸ್ ಪ್ಲಾಸ್ಟಿಕ್. ಶೋರೂಮಿನ ಮಿರುಗು ಅದಕ್ಕೆ ಒಪ್ಪುವುದಿಲ್ಲ. ಹಾಗಾಗಿ ಈ ಸಲ ಉಜ್ಜಿ ಹೊಳಪು ತರುವ ಕೆಲಸ ಇಲ್ಲ, ಕ್ಲಿಯರಿಗೆ ಸ್ವಲ್ಪ ಮ್ಯಾಟ್ ಬೆರೆಸಬೇಕು. ಎಷ್ಟು ಬೆರೆಸಬೇಕು ಅಂತ ಆರು ಪ್ಲಾಸ್ಟಿಕ್ ಚಮಚಕ್ಕೆ ಹೊಡೆದು ಕಿಟಕಿಯ ಹತ್ತಿರ ಸಾಲಾಗಿ ಇಟ್ಟಿದ್ದೇನೆ. ನಾಲ್ಕನೆಯದು ಸರಿ ಅನ್ನಿಸುತ್ತಿದೆ. ಬಾಡಿಗೆ ಮೂರನೇ ಸಲ ಪ್ರೈಮರ್ ಆಗಿದೆ. ಛಾವಣಿಯ ಮೇಲೆ ಪದರದ ಗೆರೆ ಇನ್ನೂ ಎರಡು ಕಡೆ ಇದೆ, ನಾಳೆ ಅದನ್ನು ಉಜ್ಜಬೇಕು.